ರಾಜ ಒಮ್ಮೆ ಹಾರಬಹುದು

ಅನುಸೂಯಾ ಹೊಸಪೇಟೆಗೇ ಹೆಸರಾದ ಟೈಲರ್ ಎಂದರೆ ಸುಳ್ಳಾಗುತ್ತದೆ. ಅವಳ ಹೆಸರು ಓಣಿ ದಾಟಿ, ಮಾರ್ಕೆಟ್ ದಾಟಿ, ಹೆಚ್ಚೆಂದರೆ ರೈಲ್ವೆ ಗೇಟಿನವರೆಗೆ ಹೋಗಿದೆ. ಆದರೆ ಆ ಗಡಿಯೊಳಗಿನ ಹೆಂಗಸರಿಗೆ ಬ್ಲೌಸು ಎಂದರೆ ಅವಳೇ ಹೊಲಿಯಬೇಕು. ಕೈ ಎತ್ತಿದರೆ ಎಳೆಯಬಾರದು, ಇಳಿಸಿದರೆ ಸುಕ್ಕು ಬೀಳಬಾರದು, ಹೋದ ವರ್ಷಕ್ಕಿಂತ ಮೈ ತುಸು ತುಂಬಿಕೊಂಡವರಿಗೆ ಆ ಮಾತನ್ನು ಬಾಯಿಬಿಟ್ಟು ಹೇಳದೆ ಒಳಗೆ ಬಟ್ಟೆ ಬಿಟ್ಟು ಹೊಲಿದುಕೊಡಬೇಕು. ಇಷ್ಟು ಮರ್ಯಾದೆ ಗೊತ್ತಿರುವ ಟೈಲರು ಎಲ್ಲ ಊರಲ್ಲೂ ಸಿಗುವುದಿಲ್ಲ.

ವಾರವೆಲ್ಲ ಮಿಷನ್ನಿನ ಮುಂದೆ ಬಗ್ಗಿ ಕೂತಿರುವ ಈ ಹೆಂಗಸು ಭಾನುವಾರ ಎಲ್ಲಿಗೆ ಹೋಗುತ್ತಾಳೆಂದು ಹೇಳಿದರೆ ಅವಳ ಗಿರಾಕಿಗಳಲ್ಲಿ ಅರ್ಧ ಜನ ನಂಬಲಾರರು. ಮಧ್ಯಾಹ್ನದ ಊಟ ಮುಗಿಸಿ, ಸೀರೆ ಬದಲಿಸಿ, ಅಂಗಡಿಯ ಬೀಗದ ಕೈಯನ್ನು ಸುಕನ್ಯಾಳಿಗೆ ಕೊಟ್ಟು, ಆಟೋ ಹತ್ತಿ ಚೆಸ್ ಆಡಲು ಹೋಗುತ್ತಾಳೆ. ಸುಕನ್ಯಾ ಎಂದರೆ ಅವಳ ಜೊತೆ ಬಹಳ ವರ್ಷಗಳಿಂದ ಹೊಲಿಯುತ್ತಿರುವವಳು. ಎರಡು ಮಕ್ಕಳ ತಾಯಿ, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅನುಸೂಯಾಳ ಗಂಡ ಮಲ್ಲೇಶ್ ಸಂಡೂರಿನಿಂದ ಅದಿರು ತುಂಬಿಕೊಂಡು ಬರುವ ಲಾರಿಯ ಡ್ರೈವರು. ಚೆಸ್ ಎಂದರೆ ಅವನ ಪ್ರಕಾರ ಕೂತಲ್ಲೇ ಕೂರುವ ರೋಗ. ದಿನವಿಡೀ ಲಾರಿಯಲ್ಲಿ ಕೂತೇ ಇರುವ ತಾನು ಈ ಮಾತು ಆಡಬಾರದೆಂದು ಅವನಿಗೆ ಇನ್ನೂ ಹೊಳೆದಿಲ್ಲ.

ಕ್ಲಬ್ಬು ಇರುವುದು ಸ್ಟೇಷನ್ ಕಡೆಗೆ ಹೋಗುವ ರಸ್ತೆಯಲ್ಲಿ, ಕಬ್ಬಿಣದ ಅಂಗಡಿಯೊಂದರ ಮಹಡಿ ಮೇಲೆ. ಕೆಳಗೆ ಸರಳು ಇಳಿಸುವ ಸದ್ದು, ಮೇಲೆ ಹಳೆಯ ಫ್ಯಾನಿನ ಸದ್ದು, ನಡುವೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತ ಹದಿನೈದಿಪ್ಪತ್ತು ಜನ. ನಡೆಸುವವನು ಮೌನೇಶ್. ಉಳಿದ ದಿನಗಳಲ್ಲಿ ಕಾಲೇಜಿನಲ್ಲಿ ಗಣಿತ ಹೇಳುತ್ತಾನೆ, ಭಾನುವಾರ ಇಲ್ಲಿ ಕಾಯ್ದೆ ಹೇಳುತ್ತಾನೆ. ಇಲ್ಲಿಗೆ ಬರುವವರ ಹೆಸರು ಯಾವ ದೊಡ್ಡ ಪಟ್ಟಿಯಲ್ಲೂ ಇಲ್ಲ. ಆದರೆ ಒಂದು ನಡೆ ತಪ್ಪಿದರೆ ಅದು ಯಾಕೆ ತಪ್ಪು ಎಂದು ಚಹಾ ಆರುವವರೆಗೆ ಜಗಳಾಡುವಷ್ಟು ಆಟ ಎಲ್ಲರಿಗೂ ಬರುತ್ತದೆ. ಕ್ಲಬ್ಬಿಗೆ ಅಷ್ಟು ಸಾಕು.

ಅನುಸೂಯಾಳ ಕಾಯಂ ಎದುರಾಳಿ ನಾಗಭೂಷಣ. ಸಂಡೂರಿನವರು, ಲಾರಿಗಳಿಗೆ ಹೊದಿಸುವ ತಾಡಪತ್ರಿಯ ಅಂಗಡಿ ಇಟ್ಟಿದ್ದರು, ಈಗ ಅಳಿಯನಿಗೆ ಬಿಟ್ಟುಕೊಟ್ಟಿದ್ದಾರೆ. ಹಣೆ ತುಂಬ ವಿಭೂತಿ, ಜೇಬು ತುಂಬ ಶೇಂಗಾ. ಪ್ರತಿ ಭಾನುವಾರ ಬಸ್ಸು ಹತ್ತಿ ಬರುತ್ತಾರೆ. ಗೆದ್ದರೆ ತಮ್ಮ ಆಟ ಚೆನ್ನಾಗಿತ್ತು, ಸೋತರೆ ಫ್ಯಾನಿನ ಗಾಳಿ ಸರಿಯಿರಲಿಲ್ಲ. ಇಂಥವರ ಜೊತೆ ಆಡುವುದು ಕಷ್ಟ. ಆದರೂ ಇಂಥವರಿಲ್ಲದೆ ಆಟಕ್ಕೆ ರುಚಿಯಿಲ್ಲ ಎಂದು ಅನುಸೂಯಾಗೆ ಗೊತ್ತು.

ಆಟ ಅವಳಿಗೆ ಕ್ಲಬ್ಬಿನಿಂದ ಬಂದದ್ದಲ್ಲ. ಕಂಪ್ಲಿಯಿಂದ ಬಂದದ್ದು, ಅದೂ ಅಕ್ಕಿ ಮಿಲ್ಲಿನ ಕಣದಿಂದ. ಅವಳ ತಾಯಿ ಹುಲುಗಮ್ಮ ಅಲ್ಲಿ ಭತ್ತ ಒಣಗಿಸುವ ಕೆಲಸಕ್ಕಿದ್ದಳು. ಕುದಿಸಿದ ಭತ್ತವನ್ನು ಸಿಮೆಂಟಿನ ಕಣದಲ್ಲಿ ಹರವಿ, ಒಣಗುವವರೆಗೆ ಆಗಾಗ ಎದ್ದು ಕಾಲಲ್ಲಿ ತಿರುವಬೇಕು. ಒಂದು ತಿರುವಿಗೂ ಇನ್ನೊಂದು ತಿರುವಿಗೂ ನಡುವೆ ಸಿಗುವ ಬಿಡುವನ್ನು ಬೇರೆ ಮಿಲ್ಲುಗಳಲ್ಲಿ ನಿದ್ದೆಗೆ ಬಳಸುತ್ತಿದ್ದರು. ಈ ಮಿಲ್ಲಿನಲ್ಲಿ ಚದುರಂಗಕ್ಕೆ ಬಳಸುತ್ತಿದ್ದರು. ಬೇವಿನ ಮರದ ಕೆಳಗೆ ನೆಲದ ಮೇಲೇ ಮನೆಗಳನ್ನು ಗೀರಿದ್ದರು. ಕಾಯಿಗಳನ್ನು ಮಿಲ್ಲಿನ ಬಡಗಿ ಮುರುಕು ಪೆಟ್ಟಿಗೆಯ ಹಲಗೆಯಿಂದ ಕೆತ್ತಿಕೊಟ್ಟಿದ್ದ. ಒಂದು ಸೈನ್ಯಕ್ಕೆ ಇದ್ದಿಲು ಬಳಿದಿದ್ದರಿಂದ ಆಡಿದವರ ಬೆರಳೆಲ್ಲ ಕಪ್ಪು.

ಅಲ್ಲಿನ ಆಟಕ್ಕೆ ಅಲ್ಲಿನದೇ ಕಾಯ್ದೆ. ಕಾಲಾಳು ಹೊರಡುವಾಗಲೂ ಒಂದೇ ಮನೆ ನಡೆಯಬೇಕು, ಎರಡು ನಡೆಯುವ ಹಾಗಿಲ್ಲ. ಕೊನೆಯ ಸಾಲು ಮುಟ್ಟಿದ ಕಾಲಾಳು ಯಾವ ಕಾಯಿಯ ಮನೆ ಮುಟ್ಟಿತೋ ಆ ಕಾಯಿಯೇ ಆಗಬೇಕು, ಕುದುರೆಯ ಮನೆಗೆ ಹೋಗಿ ಮಂತ್ರಿಯಾಗುತ್ತೇನೆಂದರೆ ನಡೆಯದು. ಇನ್ನೂ ಒಂದೆರಡು ಕಾಯ್ದೆಗಳಿದ್ದವು; ಅವನ್ನು ಬೇಕಾದಾಗ ಹೇಳಿದರಾಯಿತು.

ಕಣದಲ್ಲಿ ಹುಲುಗಮ್ಮನನ್ನು ಸೋಲಿಸಿದವರು ಇಲ್ಲ ಎನ್ನುವಷ್ಟು ಕಡಿಮೆ. ಅವಳ ನಿಜವಾದ ಜೋರು ಕಾಣಿಸುತ್ತಿದ್ದದ್ದು ಆಟ ಕೆಟ್ಟಾಗ. ಭತ್ತ ತಿರುವಲು ಎಲ್ಲರೂ ಎದ್ದು ಹೋದ ಹೊತ್ತಿನಲ್ಲಿ ಮಿಲ್ಲಿನ ಕೋಳಿಗಳು ಬಂದು ಕಾಯಿಗಳನ್ನೆಲ್ಲ ಚೆಲ್ಲಾಪಿಲ್ಲಿ ಮಾಡುತ್ತಿದ್ದವು. ಸೋಲುತ್ತಿದ್ದವರಿಗೆ ಖುಷಿಯೋ ಖುಷಿ, ಹೊಸ ಆಟ ಶುರು ಮಾಡೋಣ ಎನ್ನುವರು. ಹುಲುಗಮ್ಮ ಒಪ್ಪುತ್ತಿರಲಿಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲಿಂದ ನಡಿಸ್ಕೊಂಡ ಬಾ ಎನ್ನುವಳು. ಅನುಸೂಯಾ ಕಾಯಿಗಳನ್ನೆಲ್ಲ ಮೊದಲ ಮನೆಗಳಲ್ಲಿಟ್ಟು, ಅವರ ನಡೆ, ಇವರ ನಡೆ, ಒಂದೊಂದಾಗಿ ನಡೆಸುತ್ತ ಕೋಳಿ ಬಂದ ಗಳಿಗೆಯವರೆಗೆ ಆಟವನ್ನು ತಂದು ನಿಲ್ಲಿಸಬೇಕು. ತಪ್ಪಿದರೆ ತಲೆಯ ಮೇಲೆ ಒಂದು ಮೊಟಕು, ಸರಿಹೋದರೆ ಬೆಲ್ಲದ ಚೂರು. ಬೆಲ್ಲ ತಿಂದದ್ದೇ ಹೆಚ್ಚು.

ಇಂಥ ಹುಲುಗಮ್ಮ ಮುಪ್ಪಿನಲ್ಲಿ ಒಂದು ದಿನ ಮಗಳ ಜೊತೆ ಆಡುತ್ತ ಕುದುರೆಯನ್ನು ಸೀದಾ ನಡೆಸಿದಳು. ಎರಡು ಮನೆ ಹೋಗಿ ಪಕ್ಕಕ್ಕೆ ತಿರುಗಬೇಕಾದ ಕುದುರೆ, ಆನೆಯ ಹಾಗೆ ಸಾಲು ಹಿಡಿದು ಹೋಯಿತು. ಅನುಸೂಯಾ ನಕ್ಕಳು, ತಾಯಿ ಹುಡುಗಾಟ ಆಡುತ್ತಿದ್ದಾಳೆಂದು. ಹುಲುಗಮ್ಮ ನಗಲಿಲ್ಲ. ಅದಾದ ಸ್ವಲ್ಪ ದಿನಕ್ಕೆ ಹಂಪಿಗೆ ಕರೆದುಕೊಂಡು ಹೋದಾಗ, ಹುಟ್ಟಿದಾಗಿನಿಂದ ನೋಡುತ್ತ ಬಂದ ಗೋಪುರದ ಮುಂದೆ ನಿಂತು, ಇದು ಯಾರ ಮನೆ, ಇಷ್ಟು ಎತ್ತರ ಯಾಕೆ ಕಟ್ಟಿದ್ದಾರೆ ಎಂದು ಕೇಳಿದಳು. ಕಡೆಕಡೆಗೆ ತಲೆ ಬಾಚುತ್ತಿದ್ದ ಮಗಳ ಕೈ ಹಿಡಿದು, ನೀನು ಯಾರ ಮಗಳವ್ವ, ಭಾಳ ಒಳ್ಳೇಕಿ ಅದೀ ಎನ್ನುತ್ತಿದ್ದಳು. ಆಕೆ ತೀರಿಕೊಂಡು ಎರಡು ವರ್ಷವಾಯಿತು. ಆ ಮಾತು ಮಾತ್ರ ಅನುಸೂಯಾಳ ಕಿವಿಯಿಂದ ಹೋಗಿಲ್ಲ.

ಹೀಗಿರುವಾಗ ಈ ಬೇಸಿಗೆಯ ಮದುವೆ ಸೀಜನ್ನಿನಲ್ಲಿ ಅವಳು ಒಂದು ಬ್ಲೌಸಿಗೆ ಎರಡೂ ತೋಳುಗಳನ್ನು ಬಲಗೈಗೇ ಕತ್ತರಿಸಿದಳು. ಸುಕನ್ಯಾ ನಕ್ಕು, ಇವರೇನು ಎರಡೂ ಕೈಯಲ್ಲಿ ಉಣ್ಣೋರಾ ಎಂದು ತಮಾಷೆ ಮಾಡಿ, ಉಳಿದ ಬಟ್ಟೆಯಲ್ಲಿ ಇನ್ನೊಂದು ತೋಳು ಕತ್ತರಿಸಿ ಕೂಡಿಸಿದಳು. ಅವಳಿಗೆ ಅದು ಅಲ್ಲಿಗೆ ಮುಗಿಯಿತು. ಅನುಸೂಯಾಗೆ ಅಲ್ಲಿಂದ ಶುರುವಾಯಿತು. ಮರುವಾರ ಅತ್ತಿಗೆಯ ಮಗಳ ಹೆಸರು ನಾಲಿಗೆಯ ತುದಿಯಲ್ಲೇ ನಿಂತು ಹೊರಗೆ ಬರಲಿಲ್ಲ. ಇನ್ನೊಂದು ದಿನ ಒಲೆಯ ಮೇಲೆ ಹಾಲಿಟ್ಟು ಮರೆತಳು. ಹಾಲು ಮರೆಯದ ಹೆಂಗಸು ಈ ಭೂಮಿಯ ಮೇಲೆ ಇದ್ದಾಳೆಯೇ? ಆದರೆ ಹೆದರಿದ ಮನಸ್ಸಿಗೆ ಉಕ್ಕಿದ ಹಾಲೂ ಸಾಕ್ಷಿಯೇ.

ಯಾರಿಗೂ ಹೇಳದೆ ಡಾಕ್ಟರ ಹತ್ತಿರ ಹೋದಳು. ಅವರು ಮೂರು ಪದ ಹೇಳಿ, ಸ್ವಲ್ಪ ಹೊತ್ತು ಬೇರೆ ಮಾತಾಡಿ, ಆಮೇಲೆ ಆ ಪದಗಳನ್ನು ಕೇಳಿದರು. ಕುರ್ಚಿ, ಬಾಳೆಹಣ್ಣು, ನದಿ. ಹೇಳಿದಳು. ಗಡಿಯಾರದ ಚಿತ್ರ ಬರೆಸಿದರು. ಬರೆದಳು. ಏನೂ ಇಲ್ಲ, ಚೆನ್ನಾಗಿ ನಿದ್ದೆ ಮಾಡಿ ಎಂದು ಕಳಿಸಿದರು. ಅವಳಿಗೆ ಸಮಾಧಾನವಾಗಲಿಲ್ಲ. ಬಾಳೆಹಣ್ಣು ನೆನಪಿಡಲು ಬುದ್ಧಿ ಯಾಕೆ ಬೇಕು? ಅವ್ವನೂ ಕೊನೆಯವರೆಗೆ ಬಾಳೆಹಣ್ಣನ್ನು ಮರೆತಿರಲಿಲ್ಲ, ಮರೆತದ್ದು ಮಗಳನ್ನು. ಮೊದಲು ಹೋದದ್ದು ಕುದುರೆಯ ನಡೆ.

ಆದ್ದರಿಂದ ಅವಳು ತನಗೆ ತಾನೇ ಪರೀಕ್ಷೆ ಇಟ್ಟುಕೊಂಡಳು. ಭಾನುವಾರದ ಆಟವೇ ಪರೀಕ್ಷೆ. ಸೋತರೂ ಚಿಂತೆಯಿಲ್ಲ, ಒಂದು ಕಾಯಿ ಮಾತ್ರ ತನ್ನ ದಾರಿ ಬಿಟ್ಟು ನಡೆಯಬಾರದು. ಆ ಭಾನುವಾರಕ್ಕಂತೂ ಪರೀಕ್ಷೆ ಜೋರಾಗಿಯೇ ಇತ್ತು. ಅಂಗಡಿಯ ಬೀರುವಿನಲ್ಲಿ ಒಂದು ವಾರದಿಂದ ಐಶ್ವರ್ಯ ಎಂಬ ಮದುಮಗಳ ಸೀರೆಯ ಬ್ಲೌಸ್ ಪೀಸು ಕೂತಿತ್ತು. ಸೀರೆಯ ಜೊತೆಗೇ ನೆಯ್ದ ಜರಿ ಬಟ್ಟೆ, ಅಳತೆಗೆ ಸರಿಯಾಗಿ ಅಷ್ಟೇ ಇತ್ತು. ಕತ್ತರಿ ಒಮ್ಮೆ ತಪ್ಪಿದರೆ ಅಂಥದ್ದು ಇನ್ನೊಂದು ಎಲ್ಲೂ ಸಿಗದು. ಹುಡುಗಿಯ ತಾಯಿ ಅಕ್ಕನಾಗಮ್ಮ ದಿನಾ ಫೋನು ಮಾಡುತ್ತಿದ್ದರು. ಅನುಸೂಯಾ ದಿನಾ ನಾಳೆ ಎನ್ನುತ್ತಿದ್ದಳು. ಬಟ್ಟೆ ಹರವುವಳು, ಗುರುತು ಹಾಕುವಳು, ಕತ್ತರಿ ಹಿಡಿಯುವಳು, ಮತ್ತೆ ಮಡಿಚಿ ಇಡುವಳು. ಕೊನೆಗೆ ಒಂದು ನಿರ್ಧಾರಕ್ಕೆ ಬಂದಳು. ಈ ಆಟ ತಪ್ಪಿಲ್ಲದೆ ಮುಗಿದರೆ ತಾನೇ ಕತ್ತರಿಸುವುದು. ತಪ್ಪಿದರೆ ಕತ್ತರಿಯನ್ನು ಸುಕನ್ಯಾಳ ಕೈಗೆ ಕೊಟ್ಟು, ಅಂಗಡಿಯನ್ನೂ ಕೊಟ್ಟು, ಗುಂಡಿ ಹಚ್ಚಿಕೊಂಡು ಕೂರುವುದು.

ನಾಗಭೂಷಣರಿಗೆ ಇದ್ಯಾವುದೂ ಗೊತ್ತಿಲ್ಲ. ಅವರು ಎಂದಿನಂತೆ ಶೇಂಗಾ ಸಿಪ್ಪೆಯನ್ನು ಕುರ್ಚಿಯ ಕೆಳಗೆ ಬೀಳಿಸುತ್ತ ಬಿಳಿ ಕಾಯಿಗಳನ್ನು ಜೋಡಿಸಿಕೊಂಡರು. ಭಾನುವಾರದ ಆಟಗಳಲ್ಲಿ ನಡೆಗಳನ್ನು ಬರೆದಿಡುವ ಪದ್ಧತಿ ಇಲ್ಲ. ಅದು ಸ್ಪರ್ಧೆಗಳಿಗೆ ಮಾತ್ರ. ಅವರು ನಡೆಸಿದರು, ಅವಳು ನಡೆಸಿದಳು. ಪ್ರತಿ ನಡೆಗೂ ಮುಂಚೆ ಅನುಸೂಯಾ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು: ಇದು ಒಂಟೆ, ಓರೆಯಾಗಿ ಹೋಗಬೇಕು, ಇದು ಆನೆ, ಸೀದಾ ಹೋಗಬೇಕು. ನಡೆಯಲು ಬರುವವನು ಪ್ರತಿ ಹೆಜ್ಜೆಗೂ ಕಾಲು ನೋಡಿಕೊಂಡರೆ ಏನಾದೀತೋ ಅದೇ ಆಯಿತು. ಕಾಯಿಗಳ ದಾರಿ ತಪ್ಪಲಿಲ್ಲ, ಆಟ ಕೆಟ್ಟಿತು. ಅವಸರಕ್ಕೆ ಆನೆಯನ್ನು ಒಮ್ಮೆ ಕದಲಿಸಿ ವಾಪಸು ತಂದಿದ್ದರಿಂದ ಆ ಕಡೆಗೆ ರಾಜನಿಗೆ ಕೋಟೆ ಕಟ್ಟುವ ಹಕ್ಕೂ ಹೋಗಿತ್ತು. ನಾಗಭೂಷಣರ ಮಂತ್ರಿ, ಆನೆ ಎರಡೂ ನಡುವಿನ ಸಾಲಿನತ್ತ ಸರಿದವು. ಅವಳ ರಾಜ ಹುಟ್ಟಿದ ಮನೆಯಲ್ಲೇ ಸಿಕ್ಕಿಹಾಕಿಕೊಂಡಿದ್ದ.

ಅವಳು ಬಹಳ ಹೊತ್ತು ನೋಡಿದಳು. ನೋಡುತ್ತ ನೋಡುತ್ತ ಭಯವನ್ನು ಮರೆತಳು. ಕೆಳಗಿನ ಅಂಗಡಿಯ ಸದ್ದೂ ಕೇಳದಾಯಿತು, ಎದುರಿಗಿದ್ದದ್ದು ಆಟ ಮಾತ್ರ. ಆಗ ದಾರಿ ಕಾಣಿಸಿತು. ಆ ಬದಿಯ ಕಾಲಾಳು ಮುಂದೆ ಸರಿದಿದ್ದರಿಂದ ಅಲ್ಲೊಂದು ಮನೆ ಖಾಲಿ ಬಿದ್ದಿತ್ತು, ಗೂಡಿನಂಥ ಮನೆ. ರಾಜ ಅಲ್ಲಿಗೆ ಹೋದರೆ ಯಾವ ಆನೆಯೂ ಮುಟ್ಟಲಾರದು. ಅವಳು ರಾಜನನ್ನು ಎತ್ತಿ, ಎರಡು ಮನೆ ಪಕ್ಕಕ್ಕೆ, ಒಂದು ಮನೆ ಮುಂದಕ್ಕೆ, ಆ ಗೂಡಿನಲ್ಲಿ ಇಟ್ಟಳು. ಹಲಗೆಯ ಪಕ್ಕದ ಗಡಿಯಾರದ ಗುಂಡಿ ಒತ್ತಿ, ನಿರಾಳವಾಗಿ ಹಿಂದಕ್ಕೆ ಒರಗಿದಳು.

ನಾಗಭೂಷಣರ ಕೈಯಲ್ಲಿದ್ದ ಶೇಂಗಾ ಬಾಯಿಗೆ ಹೋಗದೆ ನಿಂತಿತು. ಪಕ್ಕದಲ್ಲಿ ಹಾದುಹೋಗುತ್ತಿದ್ದ ಮೌನೇಶ್ ಬಗ್ಗಿ ನೋಡಿ, ಬೇಸರವಾಗದ ಹಾಗೆ ಮೆಲ್ಲಗೆ ಹೇಳಿದ:

"ಅಕ್ಕಾರ, ರಾಜ ಹಂಗ ಹೋಗಲ್ರಿ. ಅದು ಕುದುರಿ ನಡಿ."

ಅನುಸೂಯಾ ಹಲಗೆಯನ್ನು ನೋಡಿದಳು. ಹೌದು. ತನ್ನ ಕೈಯಾರೆ ರಾಜನನ್ನು ಕುದುರೆಯ ಹಾಗೆ ನಡೆಸಿದ್ದಳು, ನಡೆಸಿ ಹೆಮ್ಮೆಯಿಂದ ಒರಗಿದ್ದಳು. ಅವ್ವನಿಗೂ ಹೀಗೇ, ತಪ್ಪು ಮಾಡಿದ್ದು ತನಗೆ ಗೊತ್ತಾಗಿರಲಿಲ್ಲ. ಬಂತಲ್ಲ, ಇಷ್ಟು ದಿನ ಯಾವುದಕ್ಕೆ ಹೆದರಿದೆನೋ ಅದು ಬಂತಲ್ಲ ಎಂದುಕೊಂಡಳು. ಬೀರುವಿನಲ್ಲಿದ್ದ ಜರಿ ಬಟ್ಟೆ ಕಣ್ಣಮುಂದೆ ಬಂತು, ಅದನ್ನು ಸುಕನ್ಯಾಳಿಗೆ ಕೊಡುವಾಗ ಏನು ನೆಪ ಹೇಳುವುದೆಂದು ಕೂಡ ಯೋಚಿಸಿಬಿಟ್ಟಳು.

ಅಷ್ಟರಲ್ಲಿ ನಾಗಭೂಷಣ ಮೌನೇಶನ ಮೇಲೆ ರೇಗಿದರು.

"ತಡಿಯಪ್ಪ ನೀನು. ರಾಜ ಹಂಗ ಹೋಗತಾನ. ಒಂದು ಸಲ ಹಾರಬೌದು, ನಮ್ಮ ಕಡಿ ಆಟ ಅದು. ಆದ್ರ ಈಗ ಹಾರಂಗಿಲ್ಲ. ಇವರ ರಾಜಗ ಆಗ್ಲೇ ಶಾ ಬಿದ್ದೈತಿ. ಇದು ಕಳ್ಳಾಟ."

ಬೇಕಾದಾಗ ಹೇಳೋಣ ಎಂದಿದ್ದ ಕಾಯ್ದೆ ಇದೇ. ಹಳೆಯ ಆಟದಲ್ಲಿ ರಾಜ ಇಡೀ ಆಟಕ್ಕೆ ಒಂದೇ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಕಂಪ್ಲಿಯ ಕಣದಲ್ಲಿ ಹಾರುತ್ತಿದ್ದ, ಸಂಡೂರಿನ ಕಟ್ಟೆಯ ಮೇಲೂ ಹಾರುತ್ತಿದ್ದ. ಷರತ್ತು ಒಂದೇ, ಅದುವರೆಗೆ ಅವನಿಗೆ ಶಾ ಬಿದ್ದಿರಬಾರದು. ಅಂದರೆ ಎದುರಾಳಿಯ ಯಾವ ಕಾಯಿಯೂ ಅವನ ಮೇಲೆ ನೇರವಾಗಿ ಏರಿ ಬಂದಿರಬಾರದು. ಶಾ ಬಿದ್ದ ಮೇಲೂ ರಾಜನನ್ನು ಹಾರಿಸುವುದು ಕಣದಲ್ಲಿ ಶುದ್ಧ ಕಳ್ಳಾಟ. ಹಾಗೆ ಮಾಡಿದವರನ್ನು ಹುಲುಗಮ್ಮ ಎಬ್ಬಿಸಿ ಭತ್ತ ತಿರುವಲು ಕಳಿಸುತ್ತಿದ್ದಳು.

ತಪ್ಪು ಮಾಡಿದೆ ಎಂದಿದ್ದರೆ ಅನುಸೂಯಾ ಸುಮ್ಮನಿರುತ್ತಿದ್ದಳು. ಕಳ್ಳಾಟ ಎಂದದ್ದು ಅವಳಿಗೆ ಚುಚ್ಚಿತು. ಶಾ ಬಿದ್ದಿಲ್ಲ ಎಂದಳು. ಬಿದ್ದಿದೆ, ಶುರುವಿನಲ್ಲೇ ತಮ್ಮ ಒಂಟೆಯಿಂದ ಕೊಟ್ಟಿದ್ದೇನೆ ಎಂದು ಅವರು. ಇಲ್ಲವೇ ಇಲ್ಲ ಎಂದು ಇವಳು. ಮೌನೇಶ್ ನಡುವೆ ಬಂದು, ಈ ಕಾಯ್ದೆ ಇಲ್ಲಿ ನಡೆಯುವುದೇ ಇಲ್ಲ, ಶಾ ಬಿದ್ದರೂ ಬೀಳದಿದ್ದರೂ ರಾಜ ಹಾರುವ ಹಾಗಿಲ್ಲ ಎಂದು ತಿಳಿಸಿ ಹೇಳಿದ. ಇಬ್ಬರೂ ಅವನ ಕಡೆ ತಿರುಗಿ ಕೂಡ ನೋಡಲಿಲ್ಲ. ನಡೆಯದ ಕಾಯ್ದೆಗಾಗಿ ಇಬ್ಬರು ವಯಸ್ಸಾದವರು ಹೀಗೆ ಹಟ ಹಿಡಿದು ಕೂತದ್ದನ್ನು ನೋಡಿ ಅಕ್ಕಪಕ್ಕದ ಆಟಗಳು ನಿಂತವು. ಕುರ್ಚಿಗಳು ಇತ್ತ ಸರಿದವು.

ಅನುಸೂಯಾ ಎರಡೂ ಕೈಗಳಿಂದ ಕಾಯಿಗಳನ್ನು ಬಾಚಿ, ಮೊದಲಿನ ಮನೆಗಳಲ್ಲಿ ಜೋಡಿಸಿದಳು.

"ಮೊದಲಿಂದ ನಡಿಸ್ಕೊಂಡ ಬರ್ತೀನಿ, ನೋಡ್ರಿ. ನೀವು ರಾಜನ ಮುಂದಿನ ಕಾಲಾಳು ಎರಡು ಮನಿ ಬಿಟ್ರಿ, ನಾನೂ ಬಿಟ್ಟೆ. ನೀವು ಕುದುರಿ ತಗದ್ರಿ. ನಾನು ಮಂತ್ರಿ ಮುಂದಿನ ಕಾಲಾಳು ಒಂದು ಮನಿ ಸರಿಸಿದೆ. ನಿಮ್ಮ ಒಂಟಿ ಬಂದು ಇಲ್ಲಿ ಕುಂತ್ತು. ಇಲ್ಲಿ. ಇಲ್ಲಿಂದ ನನ್ನ ರಾಜ ಕಾಣತಾನೇನ್ರಿ?"

ಕಾಣುತ್ತಿರಲಿಲ್ಲ. ಅವಳು ಮುಂದುವರಿಸಿದಳು. ಬಿಳಿ, ಕಪ್ಪು, ಬಿಳಿ, ಕಪ್ಪು. ಎಲ್ಲಿ ಅವರು ಯೋಚಿಸುತ್ತ ಶೇಂಗಾ ಚೆಲ್ಲಿದರು, ಎಲ್ಲಿ ಒಂದು ಕಾಯಿಗೆ ಕೈ ಹಾಕಿ ಮನಸ್ಸು ಬದಲಿಸಲು ನೋಡಿದರು, ಎಲ್ಲಿ ತಾನು ಪೆದ್ದಳ ಹಾಗೆ ಆನೆಯನ್ನು ಕದಲಿಸಿದಳು, ಒಂದನ್ನೂ ಬಿಡಲಿಲ್ಲ. ಬಾಯಿ ನಡೆಯುತ್ತಿತ್ತು, ಕೈ ನಡೆಯುತ್ತಿತ್ತು. ಈಗ ಇದು ಒಂಟೆ, ಇದು ಆನೆ ಎಂದು ಹೇಳಿಕೊಳ್ಳುವ ಗೊಡವೆ ಇರಲಿಲ್ಲ. ಕಾಯಿಗಳು ತಮ್ಮ ತಮ್ಮ ದಾರಿ ಹಿಡಿದು ಹೋದವು, ಹೊಡೆಸಿಕೊಂಡವು ಹಲಗೆಯ ಬದಿಗೆ ಬಂದು ಸಾಲಾಗಿ ನಿಂತವು. ರಾಜ ಹಾರುವ ಗಳಿಗೆಗೆ ಆಟ ಬಂದು ನಿಂತಾಗ ಮೌನೇಶ್ ಹಲಗೆಯ ಮೇಲೆ ಒಮ್ಮೆ ಕಣ್ಣಾಡಿಸಿ, ಸರಿಯಾಗಿದೆ ಎಂದು ತಲೆಯಾಡಿಸಿದ. ಶಾ ಎಲ್ಲೂ ಬಿದ್ದಿರಲಿಲ್ಲ.

ನಾಗಭೂಷಣ ಒಪ್ಪಲು ಸಿದ್ಧರಿಲ್ಲ. ಒಂಟೆಯಿಂದ ಶಾ ಕೊಟ್ಟದ್ದು ತಮಗೆ ಕಣ್ಣಿಗೆ ಕಟ್ಟಿದ ಹಾಗಿದೆ ಎಂದರು.

"ಅದು ಹೋದ ಐತವಾರ್ರಿ," ಎಂದಳು ಅನುಸೂಯಾ. "ಆವತ್ತು ಈ ಒಂಟಿ ಇನ್ನೊಂದು ಮನಿ ಮುಂದ ಹೋಗಿತ್ತು. ನಾನು ಕಾಲಾಳು ಅಡ್ಡ ಇಟ್ಟೆ."

ಎಂದವಳೇ ಮತ್ತೆ ಕಾಯಿ ಜೋಡಿಸಿ ಹೋದ ಭಾನುವಾರದ ಆಟವನ್ನೂ ಆ ಶಾ ಬೀಳುವವರೆಗೆ ನಡೆಸಿ ತೋರಿಸಿದಳು. ನಾಗಭೂಷಣ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದರು. ಆಮೇಲೆ ಜೇಬಿನಿಂದ ಇನ್ನೊಂದು ಹಿಡಿ ಶೇಂಗಾ ತೆಗೆದರು.

"ಹೌದಲ್ಲ. ನನಗ ಮರ್ತ ಹೋಗಿತ್ತು ನೋಡ್ರಿ," ಎಂದರು.

ಚಹಾ ಆರಿಹೋಯಿತು ಎನ್ನುವಷ್ಟೇ ಸಲೀಸಾಗಿ ಅಂದರು. ಮರೆತುಹೋಯಿತು, ಅಷ್ಟೇ. ಅದರ ಹಿಂದೆ ಯಾವ ಕತ್ತಲೂ ಇರಲಿಲ್ಲ. ಅನುಸೂಯಾ ಅವರ ಮುಖವನ್ನೇ ನೋಡಿದಳು. ಒಂದು ವಾರದ ಹಿಂದಿನ ಆಟವನ್ನು ಇವತ್ತಿನದೆಂದು ಬಗೆದ ಮನುಷ್ಯ ಆರಾಮಾಗಿ ಶೇಂಗಾ ತಿನ್ನುತ್ತಿದ್ದಾನೆ, ಎರಡೂ ಆಟ ನೆನಪಿರುವ ತಾನು ರಾತ್ರಿಯೆಲ್ಲ ಚಾವಣಿ ನೋಡುತ್ತಿದ್ದೇನೆ. ಯಾರೋ ಹಿಂದಿನಿಂದ, ಇಷ್ಟೆಲ್ಲ ಹೇಗೆ ನೆನಪಿಟ್ಟಿರಿ ಎಂದು ಕೇಳಿದರು. ಉತ್ತರ ಹೇಳಲು ಬಾಯಿ ತೆರೆದವಳಿಗೆ ತಾನು ಇದುವರೆಗೆ ಮಾಡಿದ್ದು ಏನೆಂದು ಆಗ ಅರ್ಥವಾಯಿತು. ಮೊದಲಿಂದ ನಡೆಸಿಕೊಂಡು ಬಂದಿದ್ದಳು. ಒಂದಲ್ಲ, ಎರಡು ಆಟ. ಅವ್ವ ಇದ್ದಿದ್ದರೆ ಬೆಲ್ಲ ಕೊಡುತ್ತಿದ್ದಳು.

ಕಣ್ಣು ತುಂಬಿಕೊಂಡವು. ಜನರೆದುರು ಅಳುವ ಹೆಂಗಸಲ್ಲ ಅವಳು, ಆದರೂ ಅತ್ತಳು, ಸೆರಗಿನಿಂದ ಒರೆಸಿಕೊಳ್ಳುತ್ತ ನಗಲೂ ತೊಡಗಿದಳು. ನಾಗಭೂಷಣ ಗಾಬರಿಯಾದರು. ತಾವು ಕಳ್ಳಾಟ ಎಂದದ್ದಕ್ಕೇ ನೊಂದುಕೊಂಡಳೆಂದು ತಿಳಿದು, ಬೇಕಾದರೆ ರಾಜನನ್ನು ಹಾರಿಸಿಕೊಳ್ಳಿ ಎಂದರು. ಸುತ್ತ ನಿಂತವರು ಮೆಲ್ಲಗೆ ತಮ್ಮ ತಮ್ಮ ಆಟಗಳಿಗೆ ಸರಿದ ಮೇಲೆ ಅನುಸೂಯಾ ಅವರಿಗೆ ಎಲ್ಲ ಹೇಳಿದಳು. ಗಂಡನಿಗೆ ಹೇಳದ್ದನ್ನು, ಡಾಕ್ಟರಿಗೆ ಅರ್ಧ ಹೇಳಿದ್ದನ್ನು ಈ ಶೇಂಗಾ ಮನುಷ್ಯನಿಗೆ ಪೂರ್ತಿ ಹೇಳಿದಳು: ಅವ್ವ, ಕಣ, ಸೀದಾ ಹೋದ ಕುದುರೆ, ಎರಡು ಬಲಗೈ ತೋಳು, ಈಗ ಹಾರಿದ ರಾಜ. ತನಗೂ ಅದೇ ಶುರುವಾಯಿತೆಂದುಕೊಂಡೆ ಎಂದಳು.

ನಾಗಭೂಷಣ ಇಷ್ಟು ಹೊತ್ತು ಸುಮ್ಮನೆ ಕೇಳಿದ್ದು ಕ್ಲಬ್ಬಿನ ಇತಿಹಾಸದಲ್ಲೇ ಮೊದಲು. ಕಪ್ಪು ರಾಜನನ್ನು ಕೈಯಲ್ಲಿ ತಿರುಗಿಸುತ್ತ ನಿಧಾನವಾಗಿ ಮಾತಾಡಿದರು.

"ನಿಮ್ಮವ್ವಾರು ಕುದುರಿ ಸೀದಾ ನಡಿಸಿದ್ರಲ್ಲ, ಆ ಆಟ ಯಾವೂರಾಗೂ ಇಲ್ರಿ. ನೀವು ಈಗ ನಡಿಸಿದ್ದು ನಮ್ಮೂರಾಗೂ ಐತಿ. ನಿಮಗ ಮರ್ತಿಲ್ಲ ತಾಯಿ, ಭಾಳ ನೆನಪೈತಿ."

ಅಷ್ಟು ಹೇಳಿ, ಇಂಥ ಒಳ್ಳೆಯ ಮಾತು ತಮ್ಮ ಬಾಯಿಂದ ಬಂದದ್ದಕ್ಕೆ ತಾವೇ ನಾಚಿಕೊಂಡವರಂತೆ, ಫ್ಯಾನಿನ ಗಾಳಿ ಇವತ್ತೂ ಸರಿಯಿಲ್ಲ ಎಂದು ಮೇಲೆ ನೋಡಿದರು. ಅನುಸೂಯಾಳ ಎದೆಯ ಮೇಲಿನ ಭಾರ ಇಳಿಯಿತು. ಅದು ಇಳಿದ ಮೇಲೆಯೇ ಇಷ್ಟು ದಿನ ಎಷ್ಟು ಹೊತ್ತಿದ್ದೆನೆಂದು ಅವಳಿಗೆ ಗೊತ್ತಾದದ್ದು. ಹೊಟ್ಟೆ ಹಸಿದಿತ್ತು. ಅವರ ಜೇಬಿನ ಶೇಂಗಾ ಕೇಳಿ ಇಸಿದುಕೊಂಡು ತಿಂದಳು.

ಮೌನೇಶ್ ಎಷ್ಟಾದರೂ ಮೌನೇಶನೇ. ವಾಪಸು ಬಂದು, ಕ್ಲಬ್ಬಿನ ಕಾಯ್ದೆಯ ಪ್ರಕಾರ ಹಾರಿದ ರಾಜ ಹಿಂದಕ್ಕೆ ಬರಬೇಕು, ಮುಟ್ಟಿದ ಕಾಯಿಯನ್ನೇ ನಡೆಸಬೇಕು ಎಂದ. ಮತ್ತೆ ಕಾಯಿ ಜೋಡಿಸಿದರು. ರಾಜನಿಗೆ ಉಳಿದಿದ್ದದ್ದು ಎಡಕ್ಕೊಂದು ಮನೆ, ಬಲಕ್ಕೊಂದು ಮನೆ, ಎರಡೂ ಕೆಟ್ಟವೇ. ಅನುಸೂಯಾ ಬಲಕ್ಕೆ ಇಟ್ಟಳು. ಸ್ವಲ್ಪದರಲ್ಲೇ ನಾಗಭೂಷಣರ ಆನೆ ಕೊನೆಯ ಸಾಲಿಗೆ ಬಂದು ಕೂತಿತು, ಆಟ ಮುಗಿಯಿತು. ಸೋತವಳು ಬಾಯಿ ತುಂಬ ನಗುತ್ತಿದ್ದಳು, ಗೆದ್ದವರು ಅನುಮಾನದಿಂದ ಹಲಗೆ ನೋಡುತ್ತಿದ್ದರು. ಮುಂದಿನ ಭಾನುವಾರ ಹಳೆಯ ಕಾಯ್ದೆಯಲ್ಲೇ ಒಂದು ಆಟ ಆಡೋಣ, ಈ ಹುಡುಗನನ್ನು ದೂರ ಕೂರಿಸೋಣ ಎಂದು ಮಾತಾಯಿತು. ಸಂಡೂರಿನ ಬಸ್ಸಿನ ಹೊತ್ತಾಯಿತೆಂದು ಅವರು ಎದ್ದರು.

ಮನೆಗೆ ಬಂದ ಅನುಸೂಯಾ ಮಲ್ಲೇಶನಿಗೂ ಎಲ್ಲ ಹೇಳಿದಳು. ಅವನು ಲಾರಿಯ ದೂಳು ತೊಳೆದುಕೊಳ್ಳುತ್ತ 'ಹೂಂ' ಎನ್ನುತ್ತಿದ್ದ. ಇಷ್ಟು ದಿನ ತನಗೆ ಯಾಕೆ ಹೇಳಲಿಲ್ಲ ಎಂದು ಮಾತ್ರ ಕೇಳಿದ, ಆಮೇಲೆ ಅವಳಿಗಾಗಿ ತಾನೇ ಚಹಾ ಮಾಡಿದ. ಸಕ್ಕರೆ ಹಾಕುವುದನ್ನು ಮರೆತಿದ್ದ. ಅವಳು ಅದನ್ನೇ ಪೂರ್ತಿ ಕುಡಿದಳು. ನಾಳೆ, ಹತ್ತು ವರ್ಷದ ಮೇಲೆ ಏನಾಗುತ್ತದೋ ಅವಳಿಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರುವುದಿಲ್ಲ. ಇವತ್ತು ತಲೆ ತನ್ನದೇ ಎಂಬುದು ಗೊತ್ತಿತ್ತು. ಆ ರಾತ್ರಿ ಡಾಕ್ಟರು ಹೇಳಿದ ಹಾಗೆ ಚೆನ್ನಾಗಿ ನಿದ್ದೆ ಮಾಡಿದಳು.

ಸೋಮವಾರ ಬೆಳಿಗ್ಗೆ ಅಂಗಡಿ ತೆರೆದು, ದೀಪ ಹಚ್ಚಿ, ಬೀರುವಿನಿಂದ ಐಶ್ವರ್ಯಳ ಜರಿ ಬಟ್ಟೆ ತೆಗೆದಳು. ಸುಕನ್ಯಾ ಮಿಷನ್ನು ನಿಲ್ಲಿಸಿ ನೋಡಿದಳು. ಒಂದು ವಾರದಿಂದ ಇದನ್ನು ಹರವುವುದು, ಮಡಿಚುವುದು ನೋಡಿ ಅವಳಿಗೂ ಸಾಕಾಗಿತ್ತು. ಇವತ್ತಾದರೂ ಮುಹೂರ್ತ ಇದೆಯೋ ಇಲ್ಲವೋ ಎಂದು ಕೇಳಿದಳು. ಅನುಸೂಯಾ ಬಟ್ಟೆಯನ್ನು ಮೇಜಿನ ಮೇಲೆ ಹರವಿ, ಅಂಚಿಗೆ ಅಂಚು ಕೂಡಿಸಿ, ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ಕತ್ತರಿ ಎತ್ತಿಕೊಂಡಳು. ಈ ಸಲ ಕೈ ನಿಲ್ಲಲಿಲ್ಲ. ಬೆನ್ನಿನ ಭಾಗ ಬಂತು, ಎದೆಯ ಭಾಗ ಬಂತು. ಕೊನೆಗೆ ಉಳಿದದ್ದನ್ನು ಮಡಿಚಿ ಕತ್ತರಿಸಿ, ಬಿಡಿಸಿ, ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಎರಡು ತೋಳು, ಒಂದು ಎಡಗೈಯದು, ಒಂದು ಬಲಗೈಯದು.